ಬ್ಯೂರಿನ್ ಕೆತ್ತನೆ: ಗೆರೆ ಕೆಟ್ಟಿದ್ದು ತಾಮ್ರದಲ್ಲೋ, ಅಚ್ಚಿನಲ್ಲೋ?

ತಾಮ್ರದ ತಗಡಿನಲ್ಲಿ ಬ್ಯೂರಿನ್ ಎಂಬ ಉಕ್ಕಿನ ಮೊನೆಯಿಂದ ಚಿತ್ರ ಕೊರೆದು, ಮಸಿ ತುಂಬಿ, ಕಾಗದದ ಮೇಲೆ ಅಚ್ಚು ತೆಗೆದಿದ್ದೀರಿ. ಕಾಗದ ಎತ್ತಿ ನೋಡಿದರೆ ಗೆರೆಗಳು ಮಸುಕು. ಒಂದು ಮೂಲೆಯಲ್ಲಿ ಬೂದು ಮಬ್ಬು. ಇನ್ನೊಂದು ಕಡೆ ಚೆಂದದ ಗೆರೆ ನಡುವೆ ತುಂಡಾಗಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಬ್ಯೂರಿನ್ ಕೈಗೆತ್ತಿಕೊಂಡು ಅದೇ ಗೆರೆಯನ್ನು ಇನ್ನಷ್ಟು ಆಳಕ್ಕೆ ಕೊರೆಯಲು ಕೂರುತ್ತಾರೆ. ದಯವಿಟ್ಟು ಬೇಡ. ತಾಮ್ರದಿಂದ ತೆಗೆದದ್ದನ್ನು ವಾಪಸ್ ಇಡುವುದು ತುಂಬಾ ಕಷ್ಟ. ತಪ್ಪು ತಗಡಿನಲ್ಲಿ ಇರಲೇ ಇಲ್ಲ ಎಂದಾದರೆ ಸರಿಯಿದ್ದ ಗೆರೆಯನ್ನು ಸುಮ್ನೆ ಕೆಡಿಸಿದಂತಾಯಿತು.

ಮೊದಲು ಎರಡನೇ ಅಚ್ಚು ತೆಗೆಯಿರಿ. ತಗಡನ್ನು ಪೂರ್ತಿ ಒರೆಸಿ, ಹೊಸದಾಗಿ ಮಸಿ ತುಂಬಿ, ಅದೇ ಜಾತಿಯ ಕಾಗದ ಹಾಕಿ. ಈ ಸಲ ತಗಡನ್ನು ಪ್ರೆಸ್ಸಿನ ಮೇಲೆ ತಲೆಕೆಳಗಾಗಿ ತಿರುಗಿಸಿ ಇಡಿ, ಅಂದರೆ ಚಿತ್ರದ ತಲೆ ಇದ್ದ ಕಡೆ ಕಾಲು ಬರಲಿ. ಎರಡೂ ಅಚ್ಚುಗಳನ್ನು ಕಿಟಕಿ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ.

ದೋಷ ಚಿತ್ರದ ಅದೇ ಜಾಗದಲ್ಲಿ ಉಳಿದಿದ್ದರೆ ಅದು ತಗಡಿನದು. ಚಿತ್ರದಲ್ಲಿ ಜಾಗ ಬದಲಾಗಿ, ಪ್ರೆಸ್ಸಿನ ಅದೇ ಬದಿಗೆ ಬಂದಿದ್ದರೆ ಒತ್ತುವ ಉರುಳೆಯದೋ, ಕಾಗದದ ಮೇಲೆ ಹಾಸುವ ಕಂಬಳಿಯದೋ ತಪ್ಪು. ಎಲ್ಲೆಂದರಲ್ಲಿ ಬಂದಿದ್ದರೆ ಮಸಿ, ಒರೆಸುವ ಕೈ, ಕಾಗದ ಇವುಗಳಲ್ಲಿ ಒಂದರದು. ನಾಲ್ಕನೆಯದೊಂದು ಇದೆ, ಅದು ಸ್ವಲ್ಪ ಮೋಸದ್ದು. ಜಾಗ ಅದೇ, ಆದರೆ ಒಂದು ಅಚ್ಚಿನಲ್ಲಿ ಗೆರೆ ಗಟ್ಟಿ, ಇನ್ನೊಂದರಲ್ಲಿ ತೂತು ತೂತು. ಹಾಗಿದ್ದರೆ ಗೆರೆಯ ಆಕಾರ ನೋಡಿ. ಅಗಲ ಇದೆ, ಆಳ ಇಲ್ಲ. ಅಂಥ ಗೆರೆಯೊಳಗಿನ ಮಸಿಯನ್ನು ಬಟ್ಟೆ ಒಮ್ಮೆ ಎಳೆದುಕೊಂಡು ಹೋಗುತ್ತದೆ, ಒಮ್ಮೆ ಬಿಟ್ಟುಬಿಡುತ್ತದೆ.

ಇಲ್ಲಿ ಮಾತಾಡುತ್ತಿರುವುದು 15 ಮತ್ತು 16ನೇ ಶತಮಾನದ ಯುರೋಪಿನ ಪದ್ಧತಿಯ ಬಗ್ಗೆ. ಕೋಲ್ಮಾರ್‌ನಲ್ಲಿ ಮಾರ್ಟಿನ್ ಶೋನ್‌ಗೌವರ್, ನ್ಯೂರೆಂಬರ್ಗ್‌ನಲ್ಲಿ ಆಲ್ಬ್ರೆಕ್ಟ್ ಡ್ಯೂರರ್, ಹಾರ್ಲೆಮ್‌ನಲ್ಲಿ ಹೆಂಡ್ರಿಕ್ ಗೋಲ್ಟ್ಸಿಯಸ್ ಮಾಡಿದ ಕೆಲಸ. ಆಸಿಡ್ ಇಲ್ಲ, ಮೇಣ ಇಲ್ಲ. ಉಕ್ಕಿನ ಮೊನೆಯನ್ನು ಅಂಗೈಯಿಂದ ಮುಂದಕ್ಕೆ ದೂಡಿ ತಾಮ್ರದಲ್ಲಿ ಗೆರೆ ಕೊರೆಯುವುದು, ಅದರಲ್ಲಿ ಮಸಿ ತುಂಬುವುದು, ಒದ್ದೆ ಕಾಗದವನ್ನು ಉರುಳೆಯ ಒತ್ತಡದಲ್ಲಿ ಗೆರೆಯೊಳಗೆ ಇಳಿಸಿ ಆ ಮಸಿಯನ್ನು ಎತ್ತುವುದು. ನಮ್ಮ ಕಲಾ ಕಾಲೇಜುಗಳ ಗ್ರಾಫಿಕ್ಸ್ ವಿಭಾಗದಲ್ಲಿ ಜಾಸ್ತಿ ನಡೆಯುವುದು ಎಚಿಂಗ್. ಅದರಲ್ಲಿ ಗೆರೆ ಕೊರೆಯುವುದು ಆಸಿಡ್. ಹಾಗಾಗಿ ಅಲ್ಲಿ ಕಲಿತ ಪರಿಹಾರಗಳು ಬ್ಯೂರಿನ್‌ಗೆ ಅರ್ಧ ಮಾತ್ರ ಹೊಂದುತ್ತವೆ. ತಾಮ್ರಶಾಸನಗಳ ನೆನಪೂ ಬರಬಹುದು. ಆದರೆ ಅವು ಓದಲಿಕ್ಕೆ ಕೊರೆದವು, ಅಚ್ಚು ತೆಗೆಯಲಿಕ್ಕಲ್ಲ. ಗೆರೆಯ ಒಳಗೋಡೆ ಹೇಗಿದೆ ಎಂಬ ತಲೆನೋವು ಶಾಸನ ಕೊರೆದವರಿಗೆ ಇರಲಿಲ್ಲ.

ತಗಡಿನ ದೋಷ: ಮೊದಲು ಉಪಕರಣ ನೋಡಿ

ನನ್ನ ಅಭಿಪ್ರಾಯ ಇಷ್ಟು. ತಗಡಿನಲ್ಲಿ ಕಾಣುವ ಹತ್ತು ತಪ್ಪುಗಳಲ್ಲಿ ಏಳೆಂಟು ಕೈಯವಲ್ಲ, ಸಾಣೆಯವು. “ನನ್ನ ಕೈ ನಡುಗುತ್ತೆ” ಎನ್ನುವವರ ಬ್ಯೂರಿನ್ ಇಸಿದುಕೊಂಡು ನೋಡಿ. ಮೊನೆ ಮೊಂಡಾಗಿರುತ್ತದೆ.

ಬ್ಯೂರಿನ್ ಅಂದರೆ ಚೌಕ ಅಥವಾ ವಜ್ರಾಕಾರದ ಅಡ್ಡಕೊಯ್ತ ಇರುವ ಉಕ್ಕಿನ ಸಣ್ಣ ಸರಳು. ಅದರ ಒಂದು ಮೂಲೆಯ ಅಂಚು ಕೆಳಮುಖವಾಗಿರುತ್ತದೆ. ಆ ಅಂಚಿನ ಎರಡು ಬದಿಯ ಮುಖಗಳನ್ನು ಹೊಟ್ಟೆ ಎನ್ನೋಣ. ಸರಳಿನ ತುದಿಯನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ಕತ್ತರಿಸಿರುತ್ತಾರೆ. ಅದು ಮೋರೆ. ಮೋರೆ ಮತ್ತು ಹೊಟ್ಟೆಯ ಎರಡು ಮುಖಗಳು ಸೇರುವ ಜಾಗವೇ ಮೊನೆ. ಮೂರೂ ಮಟ್ಟಸವಾಗಿದ್ದರೆ ಮಾತ್ರ ಮೊನೆ ಇರುತ್ತದೆ. ಒಂದು ದುಂಡಾದರೂ ಮುಗಿಯಿತು. ಹಿಡಿ ಅಣಬೆಯಾಕಾರದ್ದು, ಕೆಳಭಾಗ ಕತ್ತರಿಸಿರುತ್ತದೆ. ತಗಡಿಗೆ ಹತ್ತಿರ ಮಲಗಿಸಿ ದೂಡಬೇಕಲ್ಲ, ಅದಕ್ಕೆ.

ಮೊನೆ ಪರೀಕ್ಷೆಗೆ ಹೆಬ್ಬೆರಳಿನ ಉಗುರು ಸಾಕು. ಬ್ಯೂರಿನ್ ತನ್ನ ತೂಕದಲ್ಲೇ ಉಗುರಿನ ಮೇಲೆ ಓರೆಯಾಗಿ ಕೂರಲಿ. ಕಚ್ಚಿಕೊಂಡರೆ ಚೂಪು, ಜಾರಿದರೆ ಮೊಂಡು. ಇನ್ನೊಂದು ದಾರಿ: ಭೂತಗನ್ನಡಿಯಲ್ಲಿ ಮೊನೆಯನ್ನು ಬೆಳಕಿಗೆ ತಿರುಗಿಸಿ. ತುದಿಯಲ್ಲಿ ಒಂದು ಬಿಳಿ ಚುಕ್ಕೆ ಹೊಳೆದರೆ ಅಲ್ಲಿ ಮೊನೆ ಇಲ್ಲ, ಒಂದು ಪುಟ್ಟ ಮುಖವಿದೆ. ಚೂಪು ಮೊನೆ ಬೆಳಕನ್ನು ವಾಪಸ್ ಕೊಡುವುದಿಲ್ಲ.

ಈಗ ಲಕ್ಷಣಗಳು.

ಬ್ಯೂರಿನ್ ಕಚ್ಚುವುದೇ ಇಲ್ಲ, ತಗಡಿನ ಮೇಲೆ ಸರ್ರನೆ ಜಾರಿ ಉದ್ದಕ್ಕೆ ಗೀರು ಹಾಕುತ್ತದೆ. ಮೊನೆ ಮೊಂಡು, ಇಲ್ಲವೇ ತೀರಾ ಮಲಗಿಸಿ ಹಿಡಿದಿದ್ದೀರಿ. ಉಗುರಿನ ಪರೀಕ್ಷೆಯಲ್ಲಿ ಮೊನೆ ಪಾಸಾದರೆ ಮಾತ್ರ ಕೈಯ ಕೋನಕ್ಕೆ ಬನ್ನಿ. ಜಾರಿ ಬಿದ್ದ ಗೀರು ಎಷ್ಟು ಸಣ್ಣದಿದ್ದರೂ ಅಚ್ಚಿನಲ್ಲಿ ಬರುತ್ತದೆ. ಅಲ್ಲೇ ನುಣುಪಾದ ಉಕ್ಕಿನ ಉಜ್ಜುಗೋಲು, ಅಂದರೆ ಬರ್ನಿಷರ್‌ನಿಂದ ತಿಕ್ಕಿ ಮುಚ್ಚಿಬಿಡಿ.

ಬ್ಯೂರಿನ್ ಕೆಳಗೆ ಮುಳುಗುತ್ತದೆ, ಮೇಲೆ ಬರುವುದಿಲ್ಲ. ನೇಗಿಲಿನ ಗುಳ ಆಳಕ್ಕೆ ಸಿಕ್ಕಿಕೊಂಡರೆ ಎತ್ತು ನಿಂತುಬಿಡುತ್ತದಲ್ಲ, ಹಾಗೆಯೇ ಇದೂ. ಗುಳ ಮೇಲೆ ಬರಲು ಮೇಣಿ ಒತ್ತಬೇಕು. ಬ್ಯೂರಿನ್ ಮೇಲೆ ಬರಲು ಹಿಡಿ ತಗ್ಗಿಸಬೇಕು. ಆದರೆ ಸರಳು ತಗಡಿಗೆ ಪೂರ್ತಿ ಅಂಟಿಕೊಂಡು ಮಲಗಿದ್ದರೆ ತಗ್ಗಿಸಲು ಜಾಗ ಎಲ್ಲಿದೆ? ಹೊಟ್ಟೆಯ ಮುಖಗಳನ್ನು ಮೊನೆಯ ಕಡೆ ಒಂಚೂರು ಮೇಲಕ್ಕೆ ಏಳುವಂತೆ ಸಾಣೆ ಹಿಡಿಯಬೇಕು. ಆಗ ಹಿಡಿ ತಗಡಿನಿಂದ ಸ್ವಲ್ಪ ಎತ್ತರದಲ್ಲಿ ನಿಲ್ಲುತ್ತದೆ, ಬೆರಳಿಗೂ ಜಾಗ ಸಿಗುತ್ತದೆ. ಏಳುವಿಕೆ ಜಾಸ್ತಿ ಆದರೆ ಇನ್ನೊಂದು ಕಾಟ: ಗೆರೆ ಚಿಕ್ಕ ಚಿಕ್ಕ ತುಂಡಾಗಿ ಬರುತ್ತದೆ. ಬ್ಯೂರಿನ್ ಕಚ್ಚುವುದು, ಬಿಡುವುದು, ಮತ್ತೆ ಕಚ್ಚುವುದು ಮಾಡುತ್ತಿರುತ್ತದೆ.

ಮೊದಲು ಕಚ್ಚುವುದಿಲ್ಲ, ಎತ್ತಿ ದೂಡಿದರೆ ಧುಮುಕಿಬಿಡುತ್ತದೆ. ಇದು ಬೇರೆ ರೋಗ. ಹೊಟ್ಟೆಯ ಮುಖಗಳು ಮೊನೆಯ ಹತ್ತಿರ ದುಂಡಾಗಿವೆ. ಸಾಣೆಕಲ್ಲಿನ ಮೇಲೆ ಕೈ ತೂಗಾಡಿದರೆ ಹೀಗಾಗುತ್ತದೆ. ಮೋರೆಯನ್ನು ಎಷ್ಟು ಸಾಣೆ ಹಿಡಿದರೂ ಇದು ಸರಿಯಾಗದು. ಹೊಟ್ಟೆಯ ಎರಡೂ ಮುಖಗಳನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟು, ಬೆರಳಿನಿಂದ ಒತ್ತಿಹಿಡಿದು, ಎಣ್ಣೆ ಹಾಕಿ ಉಜ್ಜಿ. ದುಂಡು ಪೂರ್ತಿ ಹೋಗುವವರೆಗೆ. ಬೇಸರದ ಕೆಲಸ, ಒಪ್ಪುತ್ತೇನೆ. ಹೊಟ್ಟೆ ಒಮ್ಮೆ ಸರಿಯಾದರೆ ದಿನನಿತ್ಯ ಮೋರೆ ಮಾತ್ರ ಉಜ್ಜಿದರೆ ಸಾಕು.

ನೇರ ಗೆರೆ ತಾನಾಗೇ ಒಂದು ಬದಿಗೆ ಎಳೆಯುತ್ತದೆ. ಹೊಟ್ಟೆಯ ಎರಡು ಮುಖಗಳು ಸಮ ಇಲ್ಲ. ಕೆಳಗಿನ ಅಂಚು ನಡುವಿನಿಂದ ಸರಿದಿದೆ. ಕೈಯೇ ಬ್ಯೂರಿನ್ನನ್ನು ಓರೆ ಮಾಡುತ್ತಿರಲೂಬಹುದು. ಬೇರೆ ಮಾಡಿ ನೋಡುವುದು ಸುಲಭ. ತಗಡಿನ ಹಿಂಬದಿಯಲ್ಲಿ ಎರಡು ಗೆರೆ ಹಾಕಿ, ಎರಡನೆಯದಕ್ಕೆ ಬ್ಯೂರಿನ್ನನ್ನು ಬೇಕೆಂದೇ ಆಚೆ ಬದಿಗೆ ಒಂಚೂರು ವಾಲಿಸಿ. ಎರಡೂ ಗೆರೆ ಒಂದೇ ಬದಿಗೆ ಎಳೆದರೆ ಸಾಣೆ. ಎಳೆತ ಬದಲಾದರೆ ಕೈ.

ಗೆರೆಯ ಪಕ್ಕದಲ್ಲಿ ಇನ್ನೊಂದು ತೆಳ್ಳನೆಯ ನೆರಳುಗೆರೆ. ಮೋರೆ ಉಜ್ಜಿದಾಗ ಅಂಚಿನಲ್ಲಿ ಏಳುವ ಉಕ್ಕಿನ ಸಣ್ಣ ಸಿಬಿರು ಹಾಗೇ ಉಳಿದಿದೆ. ಅದೂ ತಾಮ್ರವನ್ನು ಗೀರುತ್ತದೆ. ಮೊನೆಯನ್ನು ಗಟ್ಟಿಮರದ ತುಂಡಿಗೆ ಒಮ್ಮೆ ಚುಚ್ಚಿ ತೆಗೆಯಿರಿ, ಹೋಗುತ್ತದೆ.

ಮೊನೆ ಪದೇ ಪದೇ ಮುರಿಯುತ್ತದೆ ಅಥವಾ ಬಾಗುತ್ತದೆ. ಎರಡೂ ಉಕ್ಕಿನ ಹದದ ಮಾತು, ಆದರೆ ವಿರುದ್ಧ ದಿಕ್ಕಿನವು. ಮುರಿದರೆ ಉಕ್ಕು ತೀರಾ ಗಡಸು, ಬಾಗಿದರೆ ಮೆದು. ಕಾರ್ಬನ್ ಉಕ್ಕನ್ನು ಕೆಂಪಗೆ ಕಾಯಿಸಿ ತಣಿಸಿದ ಮೇಲೆ ಮತ್ತೆ ಹಗುರಾಗಿ ಕಾಯಿಸಿ ಹದ ಇಳಿಸುತ್ತಾರೆ. ಮೇಲ್ಮೈ ತೆಳು ಹುಲ್ಲಿನ ಹಳದಿಗೆ ಬಂದಾಗ ನಿಲ್ಲಿಸಬೇಕು, ಅದು ಸುಮಾರು 220ರಿಂದ 230 ಡಿಗ್ರಿ ಸೆಲ್ಸಿಯಸ್. ನೀಲಿಗೆ ತಿರುಗಿದರೆ ಹದ ಹೋಯಿತು. ಈಗಿನವರ ಬ್ಯೂರಿನ್ ಮೆದುವಾಗಲು ಮುಖ್ಯ ಕಾರಣ ಕರೆಂಟಿನ ಸಾಣೆಚಕ್ರ. ಎರಡು ಕ್ಷಣ ಜಾಸ್ತಿ ಒತ್ತಿದರೆ ಮೊನೆ ನೀಲಿಯಾಗುತ್ತದೆ. ಆ ನೀಲಿ ಭಾಗವನ್ನು ನಿಧಾನವಾಗಿ, ನೀರಿನಲ್ಲಿ ಅದ್ದುತ್ತಾ ಪೂರ್ತಿ ಉಜ್ಜಿ ತೆಗೆಯಿರಿ. ಹಿಂದಿನ ಉಕ್ಕು ಸರಿಯಾಗೇ ಇರುತ್ತದೆ. ಮುರಿಯುವ ಮೊನೆಗೆ ಮೋರೆಯ ಕೋನವನ್ನೂ ನೋಡಿ. ಮೋರೆ ತೀರಾ ಉದ್ದಕ್ಕೆ ಓರೆಯಾಗಿದ್ದರೆ ಕಚ್ಚುವುದು ಸಲೀಸು, ಮುರಿಯುವುದೂ ಸಲೀಸು. ಕೆಲಸದ ನಡುವೆ ಮೊನೆ ಮುರಿದರೆ ಗೆರೆಯೊಳಗೆ ಹುಡುಕಿ. ಉಕ್ಕಿನ ಚೂರು ಅಲ್ಲೇ ಸಿಕ್ಕಿಕೊಂಡಿದ್ದರೆ ಮುಂದಿನ ಮೊನೆಯೂ ಅದೇ ಜಾಗದಲ್ಲಿ ಮುರಿಯುತ್ತದೆ.

ಗೆರೆಯ ಅಂಚು ಹರಿದಂತೆ ಇದ್ದರೆ

ಇಲ್ಲಿ ಎರಡು ಸಾಕ್ಷಿ ನೋಡಬೇಕು: ತಾಮ್ರದ ಸುರುಳಿ ಮತ್ತು ಗೆರೆಯ ಅಂಚಿನಲ್ಲಿ ಎದ್ದ ಮುಳ್ಳು.

ಸರಿಯಾದ ಬ್ಯೂರಿನ್ ಮುಂದೆ ತಾಮ್ರ ಒಂದೇ ಉದ್ದನೆಯ ಸುರುಳಿಯಾಗಿ ಏಳುತ್ತದೆ, ಗೆರೆಯ ಒಳಗೋಡೆ ಹೊಳೆಯುತ್ತದೆ. ಸುರುಳಿ ಪುಡಿಪುಡಿಯಾಗಿ, ಒಳಗೋಡೆ ಮಂಕಾಗಿದ್ದರೆ ಮೊನೆ ಕೊರೆಯುತ್ತಿಲ್ಲ, ಹರಿಯುತ್ತಿದೆ. ಸಾಣೆ ಹಿಡಿದ ಮೇಲೂ ಹಾಗೇ ಇದ್ದರೆ ತಾಮ್ರವನ್ನು ಅನುಮಾನಿಸಿ. ಮೆದು ತಾಮ್ರ ಮೊನೆಗೆ ಅಂಟಿಕೊಳ್ಳುತ್ತದೆ. ಆಗಿನ ಕಾಲದಲ್ಲಿ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು ತೆಳು ಮಾಡುತ್ತಿದ್ದರು. ಆ ಬಡಿತದಿಂದಲೇ ತಾಮ್ರ ಗಡಸಾಗುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವುದು ರೋಲಿಂಗ್ ಮಿಲ್ಲಿನ ತಗಡು. ಪಾತ್ರೆ ಕೆಲಸಕ್ಕೆ ಕಾಯಿಸಿ ಮೆದು ಮಾಡಿದ್ದನ್ನೇ ಕೊಟ್ಟುಬಿಡಬಹುದು. ಹಾಫ್-ಹಾರ್ಡ್ ತಗಡು ಬೇಕು ಎಂದು ಕೇಳಿ. ಮೂಲೆಯೊಂದನ್ನು ಬೆರಳಿನಿಂದ ಬಾಗಿಸಿ ನೋಡಿ. ಪುಟಿದು ವಾಪಸ್ ಬಂದರೆ ಸರಿ. ಬಾಗಿದಲ್ಲೇ ಕೂತರೆ ಬೇಡ.

ತಗಡಿನ ಒಂದೇ ಜಾಗದಲ್ಲಿ ಬ್ಯೂರಿನ್ ಪ್ರತಿ ಸಲ ಎಗರುತ್ತದೆಯೇ? ಅಲ್ಲಿ ತಾಮ್ರದೊಳಗೆ ಗಡಸು ಕಲ್ಮಶ ಇದೆ. ಇದಕ್ಕೆ ಮದ್ದಿಲ್ಲ. ಶುರುವಿನಲ್ಲೇ ಗೊತ್ತಾದರೆ ಹಿಂಬದಿಯನ್ನು ಬಳಸಿ. ಅರ್ಧ ಕೆಲಸವಾದ ಮೇಲೆ ಗೊತ್ತಾದರೆ ಆ ಜಾಗಕ್ಕೆ ಎರಡೂ ಕಡೆಯಿಂದ ಬಂದು ಗೆರೆ ಕೂಡಿಸಿ.

ಮುಳ್ಳಿನ ವಿಷಯ. ಬ್ಯೂರಿನ್ ಹೋದ ದಾರಿಯ ಎರಡೂ ಬದಿಗೆ ತಾಮ್ರ ಸ್ವಲ್ಪ ಮೇಲೇಳುತ್ತದೆ. ಬೆರಳು ಸವರಿದರೆ ತಾಕುತ್ತದೆ. ಅದನ್ನು ಸ್ಕ್ರೇಪರ್‌ನಿಂದ ಚಪ್ಪಟೆಯಾಗಿ ಹೆರೆದು ತೆಗೆಯಬೇಕು. ಬಿಟ್ಟರೆ ಅದೂ ಮಸಿ ಹಿಡಿಯುತ್ತದೆ, ಗೆರೆಯ ಸುತ್ತ ಮೆತ್ತನೆಯ ಕಪ್ಪು ಮಬ್ಬು ಬರುತ್ತದೆ. ರೋಗ ಗುರುತಿಸುವುದು ಸುಲಭ: ಮೊದಲ ಕೆಲವು ಅಚ್ಚಿನಲ್ಲಿ ಮಬ್ಬು ಗಾಢ, ಆಮೇಲೆ ತಾನೇ ಕಡಿಮೆಯಾಗುತ್ತಾ ಹೋಗುತ್ತದೆ. ಒತ್ತಡಕ್ಕೂ ಒರೆಸುವಿಕೆಗೂ ಮುಳ್ಳು ಸವೆದುಹೋಗುತ್ತದಷ್ಟೆ. ಇದೇ ಮುಳ್ಳನ್ನು ಬೇಕೆಂದೇ ಉಳಿಸಿಕೊಂಡರೆ ಡ್ರೈಪಾಯಿಂಟ್. ಡ್ಯೂರರ್ 1512ರಲ್ಲಿ ಬೋಳು ವಿಲ್ಲೋ ಮರದ ಪಕ್ಕ ಕೂತ ಸಂತ ಜೆರೋಮ್‌ನನ್ನು ಹೀಗೆ ಮಾಡಿದ. ಮೊದಲ ಅಚ್ಚುಗಳು ಅದ್ಭುತ, ಆಮೇಲಿನವು ಸಪ್ಪೆ. ಆತ ಆ ದಾರಿಯಲ್ಲಿ ಹೆಚ್ಚು ದೂರ ಹೋಗಲಿಲ್ಲ. ನೂರಾರು ಪ್ರತಿ ಮಾರಬೇಕಾದವನಿಗೆ ಮುಳ್ಳು ನಂಬಿ ಕೂರಲು ಆಗುವುದಿಲ್ಲ, ಅಲ್ವಾ?

ಮುಳ್ಳು ಒಂದೇ ಬದಿಗೆ ಜಾಸ್ತಿ ಎದ್ದಿದ್ದರೆ ಬ್ಯೂರಿನ್ ವಾಲಿದೆ ಎಂದರ್ಥ. ಅಂಥ ಗೆರೆಗೆ ಒಂದು ಗೋಡೆ ಕಡಿದು, ಇನ್ನೊಂದು ಇಳಿಜಾರು. ಇಳಿಜಾರಿನ ಕಡೆಯಿಂದ ಬಟ್ಟೆ ಮಸಿ ಎಳೆದುಕೊಳ್ಳುತ್ತದೆ.

ಬಾಗುಗೆರೆ ಮೂಲೆಮೂಲೆಯಾಗುತ್ತಿದೆ

ಇದು ಮಾತ್ರ ನಿಜವಾಗಿ ಕೈಯ ದೋಷ. ಬ್ಯೂರಿನ್ ತಿರುಗಿಸುತ್ತಿದ್ದೀರಿ. ಹಾಗಲ್ಲ, ತಗಡು ತಿರುಗಬೇಕು. ಚರ್ಮದ ಮರಳು ಚೀಲದ ಮೇಲೆ ತಗಡು ಇಟ್ಟು, ಎಡಗೈಯಿಂದ ಅದನ್ನು ಬ್ಯೂರಿನ್‌ಗೆ ಎದುರಾಗಿ ತಿರುಗಿಸುತ್ತಾ ಹೋಗಬೇಕು. ಬಲಗೈ ಸುಮ್ಮನೆ ಮುಂದಕ್ಕೆ ದೂಡುತ್ತಿರಬೇಕು. ಕೋನದಲ್ಲಿ ಬದಲಾವಣೆ ಬೇಕಿರುವುದು ಒಂದಕ್ಕೇ: ಹಿಡಿಯನ್ನು ಸ್ವಲ್ಪ ಎತ್ತಿದರೆ ಗೆರೆ ಆಳವಾಗಿ, ಅಗಲವಾಗುತ್ತದೆ. ತಗ್ಗಿಸಿದರೆ ಕೂದಲೆಳೆಯಾಗಿ ಮುಗಿಯುತ್ತದೆ.

ಹೀಗೆ ಉಬ್ಬಿ ತೆಳುವಾಗುವ ಗೆರೆಯನ್ನು ತುತ್ತತುದಿಗೆ ಒಯ್ದವನು ಗೋಲ್ಟ್ಸಿಯಸ್. 1589ರ ದೊಡ್ಡ ಹರ್ಕ್ಯುಲಿಸ್ ಚಿತ್ರದಲ್ಲಿ ಮಾಂಸಖಂಡಗಳ ಮೇಲೆ ಆ ಗೆರೆ ಹೇಗೆ ಉಬ್ಬುತ್ತದೆ ನೋಡಿ. ಆತ ಮಗುವಾಗಿದ್ದಾಗ ಬೆಂಕಿಗೆ ಬಿದ್ದು ಬಲಗೈ ಸುಟ್ಟುಕೊಂಡಿದ್ದ, ಬೆರಳುಗಳು ಪೂರ್ತಿ ಬಿಡಿಸಲು ಬರುತ್ತಿರಲಿಲ್ಲ. ಆ ಸೊಟ್ಟ ಕೈಯನ್ನೇ 1588ರಲ್ಲಿ ಬಿಡಿಸಿದ್ದಾನೆ, ಚಿತ್ರ ಹಾರ್ಲೆಮ್‌ನ ಟೇಲರ್ಸ್ ಮ್ಯೂಸಿಯಂನಲ್ಲಿದೆ. ಬ್ಯೂರಿನ್‌ಗೆ ನಾಜೂಕಿನ ಬೆರಳು ಬೇಕಿಲ್ಲ. ಅಂಗೈ ಹಿಡಿ, ತೋಳಿನ ಬಲ, ತಿರುಗುವ ತಗಡು ಇದ್ದರೆ ನಡೆಯುತ್ತದೆ. ನಿಮ್ಮ ಬೆರಳುಗಳು ನೋಯುತ್ತಿದ್ದರೆ ಪೆನ್ಸಿಲ್ ಹಿಡಿದಂತೆ ಹಿಡಿದಿದ್ದೀರಿ.

ಗೆರೆ ಎಲ್ಲಿ ಮುಗಿಯಿತು ಎಂದೇ ಕಾಣದೆ ಮುಂದೆ ಹೋಗುತ್ತಿದ್ದರೆ ಬೆಳಕು ಸರಿಮಾಡಿ. ತಾಮ್ರದ ಹೊಳಪು ಕಣ್ಣಿಗೆ ಹೊಡೆಯುತ್ತದೆ. ಕಿಟಕಿಗೆ ಎಣ್ಣೆ ಸವರಿದ ಕಾಗದ ಅಂಟಿಸುವ ಹಳೇ ಉಪಾಯ ಈಗಲೂ ಚೆನ್ನ. ಟ್ರೇಸಿಂಗ್ ಪೇಪರ್ ಕೂಡ ಆದೀತು. ನಡುನಡುವೆ ಎಣ್ಣೆಯಲ್ಲಿ ಕಲಸಿದ ಮಸಿಯನ್ನು ತಗಡಿನ ಮೇಲೆ ಸವರಿ ಒರೆಸಿ. ಗೆರೆಯೊಳಗೆ ಕಪ್ಪು ನಿಂತು, ಎಷ್ಟು ಕೊರೆದಿದ್ದೀರಿ ಎಂದು ತಿಳಿಯುತ್ತದೆ.

ತಪ್ಪು ಗೆರೆಯನ್ನು ಅಳಿಸುವುದು

ನ್ಯೂರೆಂಬರ್ಗ್‌ನ ಡ್ಯೂರರ್ ಮಹಾಶಯನೇ ಸಾಕ್ಷಿ. 1514ರ ಮೆಲಂಕೋಲಿಯಾ ಚಿತ್ರದ ಗೋಡೆಯ ಮೇಲೆ ಹದಿನಾರು ಮನೆಯ ಮಾಯಾಚೌಕವಿದೆ. ಎಲ್ಲ ಸಾಲಿನ ಮೊತ್ತವೂ 34. ಕೆಳಸಾಲಿನ ನಡುವೆ 15, 14 ಸೇರಿ ಚಿತ್ರದ ವರ್ಷವೂ ಬರುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿದವನು ಮೂರನೇ ಸಾಲಿನ 9ನ್ನು ಉಲ್ಟಾ ಕೊರೆದಿದ್ದ. ಮೊದಲ ಹಂತದ ಅಪರೂಪದ ಅಚ್ಚುಗಳಲ್ಲಿ ಆ ಉಲ್ಟಾ 9 ಇದೆ. ಆಮೇಲಿನವುಗಳಲ್ಲಿ ಸರಿಯಾಗಿದೆ, ಆದರೆ ಆಕಾರ ಸ್ವಲ್ಪ ವಿಚಿತ್ರ. ಇದಕ್ಕೂ ಮೊದಲು, ಸುಮಾರು 1500ರಲ್ಲಿ ಮಾಡಿದ, ಮೇಕೆಯ ಮೇಲೆ ಹಿಂದುಮುಂದಾಗಿ ಕೂತ ಮಾಟಗಾತಿಯ ಚಿತ್ರದಲ್ಲಿ ತನ್ನ ಸಹಿಯ ‘ಡಿ’ ಅಕ್ಷರವೇ ಉಲ್ಟಾ. ಅದನ್ನು ಹಾಗೇ ಬಿಟ್ಟಿದ್ದಾನೆ.

ಅಚ್ಚಿನಲ್ಲಿ ಎಲ್ಲವೂ ಎಡಬಲ ತಿರುಗುತ್ತದೆ. ಕನ್ನಡ ಅಕ್ಷರ ಕೊರೆಯುವವರಿಗೆ ಇನ್ನೂ ಕಷ್ಟ. ಒತ್ತಕ್ಷರ ಎಡಕ್ಕೆ ಬರಬೇಕು, ಕೊಂಬು ಉಲ್ಟಾ ಏಳಬೇಕು. ಬ್ಯೂರಿನ್ ಮುಟ್ಟಿಸುವ ಮೊದಲೇ ತಗಡಿನ ಪಕ್ಕ ಕನ್ನಡಿ ಹಿಡಿದು ಓದಿ. ಕೊರೆದ ಮೇಲೆ ಕನ್ನಡಿ ಹಿಡಿದು ಉಪಯೋಗವಿಲ್ಲ.

ಅಳಿಸುವ ದಾರಿ ಗೆರೆಯ ಆಳದ ಮೇಲೆ ನಿಂತಿದೆ. ಕೂದಲೆಳೆಯ ಗೀರಾದರೆ ಒಂದು ಹನಿ ಎಣ್ಣೆ ಹಾಕಿ ಬರ್ನಿಷರ್‌ನಿಂದ ತಿಕ್ಕಿ. ಪಕ್ಕದ ತಾಮ್ರವೇ ಹರಡಿ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಆಳವಾಗಿದ್ದರೆ ಸ್ಕ್ರೇಪರ್‌ನಿಂದ ಗೆರೆಯ ತಳದವರೆಗೂ ಹೆರೆಯಿರಿ. ಗೆರೆಯಷ್ಟೇ ಜಾಗ ಹೆರೆದರೆ ಹಳ್ಳವಾಗುತ್ತದೆ. ಸುತ್ತ ಅಗಲವಾಗಿ, ನಿಧಾನ ಇಳಿಜಾರಾಗಿ ಹೆರೆಯಬೇಕು. ಆಮೇಲೆ ಇದ್ದಿಲಿನಿಂದ ನೀರು ಹಾಕಿ ಉಜ್ಜಿ, ಬರ್ನಿಷರ್‌ನಿಂದ ಹೊಳಪು ಕೊಡಿ.

ಆಳದ ಗೆರೆಯಾದರೆ ಇಷ್ಟರಿಂದ ಆಗದು. ಹೆರೆದ ಜಾಗ ತಗ್ಗಾಗಿ ಉಳಿಯುತ್ತದೆ. ಅಲ್ಲಿ ಮಸಿ ನಿಂತು ಬೂದು ಮಚ್ಚೆ ಬರುತ್ತದೆ, ಹೊಸದಾಗಿ ಕೊರೆದ ಗೆರೆಗೆ ಒತ್ತಡ ಸಿಗದೆ ಮಸುಕಾಗುತ್ತದೆ. ತಗ್ಗನ್ನು ಹಿಂದಿನಿಂದ ಮೇಲೆತ್ತಬೇಕು. ಬಾಗಿದ ಕಾಲಿನ ಕ್ಯಾಲಿಪರ್ ತೆಗೆದುಕೊಂಡು ಒಂದು ತುದಿಯನ್ನು ತಗ್ಗಿನ ನಡುವೆ ಇಡಿ. ಇನ್ನೊಂದು ತುದಿ ಹಿಂಬದಿಯಲ್ಲಿ ಸರಿಯಾಗಿ ಅದೇ ಜಾಗ ತೋರಿಸುತ್ತದೆ, ಅಲ್ಲಿ ಗುರುತು ಮಾಡಿ. ನುಣುಪಾದ ಅಡಿಗಲ್ಲಿನ ಮೇಲೆ ತಗಡನ್ನು ಮುಖ ಕೆಳಗಾಗಿ ಇಟ್ಟು, ಗುರುತಿನ ಮೇಲೆ ದುಂಡುಮುಖದ ಸುತ್ತಿಗೆಯಿಂದ ಹಗುರವಾಗಿ ತಟ್ಟಿ. ಎರಡು ತಟ್ಟು, ತಿರುಗಿಸಿ ನೋಡು, ಮತ್ತೆರಡು ತಟ್ಟು. ಒಂದೇ ಏಟಿಗೆ ಎತ್ತಲು ಹೋದರೆ ಈ ಕಡೆ ಗುಡ್ಡವಾಗುತ್ತದೆ. ಅದು ತಗ್ಗಿಗಿಂತ ಕೆಟ್ಟದ್ದು, ಒರೆಸುವಾಗ ಅಲ್ಲಿ ಬಿಳಿ ಬೀಳುತ್ತದೆ. ಮಟ್ಟಕ್ಕೆ ಬಂದ ಮೇಲೆ ಇದ್ದಿಲು, ಬರ್ನಿಷರ್. ತಗ್ಗು ತೀರಾ ಕಡಿಮೆ ಇದ್ದರೆ ಸುತ್ತಿಗೆ ಎತ್ತುವುದೇ ಬೇಡ. ಅಚ್ಚು ತೆಗೆಯುವಾಗ ಹಿಂಬದಿಯ ಆ ಜಾಗಕ್ಕೆ ತೆಳು ಕಾಗದದ ತುಂಡು ಅಂಟಿಸಿದರೂ ಸಾಕಾಗುತ್ತದೆ.

ತಪ್ಪು ಬೇಗ ಸಿಕ್ಕಬೇಕೆಂದರೆ ಕೆಲಸದ ನಡುವೆಯೇ ಪರೀಕ್ಷೆಯ ಅಚ್ಚು ತೆಗೆಯಿರಿ. ಡ್ಯೂರರ್ ಮಾಡಿದ 1504ರ ಆಡಮ್ ಮತ್ತು ಈವ್ ಚಿತ್ರದ ಅಂಥ ಅಚ್ಚುಗಳು ಈಗಲೂ ಉಳಿದಿವೆ. ಹಿನ್ನೆಲೆ ಬಹುಪಾಲು ಮುಗಿದಿದೆ, ದೇಹಗಳು ಇನ್ನೂ ಹೊರಗೆರೆಯಲ್ಲೇ ಇವೆ. ಕಡುಕಪ್ಪು ಹಿನ್ನೆಲೆ ಸರಿಯಾಗಿ ಬಂತೇ ಎಂದು ನೋಡಿಕೊಂಡು ಆಮೇಲೆ ಮೈಯ ನಯವಾದ ಛಾಯೆಗೆ ಕೈ ಹಾಕಿದ್ದಾನೆ ಎಂದು ನನಗನ್ನಿಸುತ್ತದೆ.

ಅಚ್ಚಿನ ದೋಷಗಳು

ಇವು ಸುಲಭದವು. ಬೇಗ ಮುಗಿಸೋಣ.

ಇಡೀ ಚಿತ್ರ ಒಂದೇ ಸಮ ಮಸುಕು: ಮೊದಲು ಕಾಗದ ನೋಡಿ. ಹತ್ತಿಬಟ್ಟೆಯ ನಾರಿನ ದಪ್ಪ ಕಾಗದ ಹಿಂದಿನ ರಾತ್ರಿಯೇ ಒದ್ದೆಯಾಗಿ, ಭಾರದ ಕೆಳಗೆ ಕೂತು, ತೇವ ಒಳಗೆಲ್ಲ ಸಮನಾಗಿ ಹರಡಿರಬೇಕು. ಮುಟ್ಟಿದರೆ ತಣ್ಣಗೆ, ಬಗ್ಗುವಂತಿರಬೇಕು, ನೀರು ಹೊಳೆಯಬಾರದು. ಒಣಗಿದ್ದರೆ ಗೆರೆಯೊಳಗೆ ಇಳಿಯುವುದಿಲ್ಲ. ಕಾಗದ ಸರಿಯಿದ್ದರೆ ಒತ್ತಡ ಏರಿಸಿ. ಕಂಬಳಿ ಮುಟ್ಟಿ ನೋಡಿ. ಒದ್ದೆ ಕಾಗದದ ಅಂಟು ಕುಡಿದು ಕುಡಿದು ಕಂಬಳಿ ಹಲಗೆಯಂತಾಗುತ್ತದೆ. ತೊಳೆದರೆ ಮೆತ್ತಗಾಗುತ್ತದೆ.

ಗೆರೆಯ ನಡುವೆ ಬಿಳಿ ಚುಕ್ಕೆ: ಹಳೇ ಮಸಿ ಗೆರೆಯ ತಳದಲ್ಲಿ ಒಣಗಿ ಕೂತಿದೆ. ಎಣ್ಣೆ ಹಾಕಿ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಎಬ್ಬಿಸಿ. ಸೂಜಿ ಹಾಕಿ ಕೆದಕಬೇಡಿ.

ಗೆರೆಯಿಂದ ಮಸಿ ಹೊರಗೆ ಸೋರಿ ರೆಕ್ಕೆ ಬಂದಂತಿದೆ: ಮಸಿ ತೆಳು. ಆಗಿನವರು ದ್ರಾಕ್ಷಾರಸದ ಗಸಿ ಮುಂತಾದವನ್ನು ಸುಟ್ಟ ಕಪ್ಪನ್ನು, ಕುದಿಸಿ ಗಟ್ಟಿ ಮಾಡಿದ ಅಗಸೆ ಅಥವಾ ಅಕ್ರೋಟಿನ ಎಣ್ಣೆಯಲ್ಲಿ ಅರೆಯುತ್ತಿದ್ದರು. ಕುದಿ ಕಡಿಮೆಯಾದ ಎಣ್ಣೆ ಹರಿಯುತ್ತದೆ. ಕಾಗದ ತೀರಾ ಒದ್ದೆಯಿದ್ದರೂ ಇದೇ ಕಾಣುತ್ತದೆ.

ಮಸಿ ಗೆರೆಯೊಳಗೆ ಹೋಗುತ್ತಲೇ ಇಲ್ಲ: ಮಸಿ ಗಟ್ಟಿ, ತಗಡು ತಣ್ಣಗಿದೆ. ಬೆಂಗಳೂರಿನ ಡಿಸೆಂಬರಿನಲ್ಲೂ ಆಗುತ್ತದೆ. ಕೈಗೆ ಹಿತವಾಗಿ ಬಿಸಿಯಾಗುವಷ್ಟು ಕಾಯಿಸಿದರೆ ಸಾಕು. ಇಷ್ಟು ಶಾಖಕ್ಕೆ ತಾಮ್ರ ಮೆದುವಾಗುವುದಿಲ್ಲ, ಹೆದರಬೇಡಿ.

ಇಡೀ ಹಿನ್ನೆಲೆ ಬೂದು: ಒರೆಸಿದ್ದು ಸಾಲದು, ಅಥವಾ ತಗಡಿಗೆ ಹೊಳಪು ಸಾಲದು. ಬಟ್ಟೆಯಾದ ಮೇಲೆ ಅಂಗೈಗೆ ಚೂರು ಸೀಮೆಸುಣ್ಣದ ಪುಡಿ ಸವರಿಕೊಂಡು ಒರೆಸಿ. ಬೂದು ಹೋದರೆ ಕೈಯ ತಪ್ಪು. ಬೂದಿನೊಳಗೆ ಒಂದೇ ದಿಕ್ಕಿನ ಸಣ್ಣ ಗೀರುಗಳು ಕಂಡರೆ ತಗಡಿನ ಮೇಲೆ ಉಜ್ಜುಕಲ್ಲಿನ ಗುರುತು ಉಳಿದಿದೆ.

ತಗಡಿನ ಅಂಚಿನಲ್ಲಿ ಕಾಗದ ಹರಿಯುತ್ತದೆ: ಅಂಚನ್ನು ಅರದಿಂದ ಇಳಿಜಾರು ಮಾಡಿಲ್ಲ. ಮಾಡಿ, ಹೊಳಪು ಕೊಡಿ. ಇಲ್ಲದಿದ್ದರೆ ಕಂಬಳಿಯೂ ಹರಿದೀತು.

ಗೆರೆಗಳು ಜೋಡಿಯಾಗಿವೆ: ಉರುಳೆಯ ಕೆಳಗೆ ಕಾಗದ ಸರಿದಿದೆ. ಪ್ರೆಸ್ಸನ್ನು ನಡುವೆ ನಿಲ್ಲಿಸದೆ ಒಂದೇ ಸಮ ತಿರುಗಿಸಿ.

ತಗಡು ಸವೆದಿದೆಯೋ, ಮಸಿ ಸಾಲದೋ?

ಹಳೇ ಅಚ್ಚು ಸಂಗ್ರಹಿಸುವವರೂ ಕೇಳುವ ಪ್ರಶ್ನೆ ಇದು. ವ್ಯತ್ಯಾಸ ಹೀಗೆ. ಮಸಿ ಸಾಲದಿದ್ದರೆ ಆಳದ ಗೆರೆ, ತೆಳು ಗೆರೆ ಎರಡೂ ಬಡವಾಗುತ್ತವೆ. ತಗಡು ಸವೆದಿದ್ದರೆ ತೆಳು ಗೆರೆಗಳು ಮಾತ್ರ ಮಾಯವಾಗುತ್ತವೆ. ಹೊರಗೆರೆ ಕಪ್ಪಗೇ ಇರುತ್ತದೆ, ನಡುವಿನ ನಯವಾದ ಛಾಯೆ ತೇಪೆ ತೇಪೆಯಾಗುತ್ತದೆ, ಮುಖ ಚಪ್ಪಟೆಯಾಗುತ್ತದೆ. ಬ್ಯೂರಿನ್ ತಗಡು ಕೆಲವು ನೂರು ಒಳ್ಳೆಯ ಅಚ್ಚು ಕೊಡುತ್ತದೆ, ಆಮೇಲೆ ಸವೆತ ಕಾಣತೊಡಗುತ್ತದೆ. ಸವೆಸುವುದು ಪ್ರೆಸ್ಸಿನ ಒತ್ತಡ ಮಾತ್ರವಲ್ಲ, ಪ್ರತಿ ಸಲದ ಒರೆಸುವಿಕೆ ಕೂಡ. ಡ್ಯೂರರ್ ಕಾಲದ ಡಚ್ ಕೆತ್ತನೆಗಾರ ಲ್ಯೂಕಾಸ್ ವಾನ್ ಲೇಡೆನ್ ತೀರಾ ತೆಳು ಗೆರೆ ಹಾಕುತ್ತಿದ್ದ. ಹಾಗಾಗಿ ಆತನ ತಗಡುಗಳು ಬೇಗ ಸೋತವು, ಚೆನ್ನಾದ ಅಚ್ಚುಗಳು ವಿರಳ.

ಸವೆತವೆಂದು ಕಾಣುವುದು ಕೆಲವೊಮ್ಮೆ ಕಿಲುಬು. ಮಸಿ ಒರೆಸದೆ ಎತ್ತಿಟ್ಟ ತಗಡಿನಲ್ಲಿ ಹಸಿರು ಕಟ್ಟಿಕೊಂಡು ಗೆರೆ ತುಂಬಿಬಿಡುತ್ತದೆ. ಶುಚಿ ಮಾಡಿ, ಎಣ್ಣೆ ಅಥವಾ ತೆಳು ಮೇಣ ಸವರಿಡಿ. ತಾಮ್ರದ ಪುಣ್ಯ, ಇಷ್ಟಕ್ಕೇ ಮುಗಿಯುತ್ತದೆ. ಡ್ಯೂರರ್ 1515ರಿಂದ 1518ರ ನಡುವೆ ಕಬ್ಬಿಣದ ತಗಡಿನ ಮೇಲೆ ಎಚಿಂಗ್ ಮಾಡಿದ. 1518ರ ಫಿರಂಗಿಯ ಚಿತ್ರದ ತಡವಾದ ಅಚ್ಚುಗಳಲ್ಲಿ ತುಕ್ಕಿನ ಕಲೆಗಳು ಹಾಗೇ ಮೂಡಿವೆ.

ನಿಜವಾಗಿ ಸವೆದಿದ್ದರೆ ಉಳಿದಿರುವುದು ಮರುಕೆತ್ತನೆ. ಫ್ಲಾರೆನ್ಸ್‌ನ ಅಂಟೋನಿಯೋ ಪೊಲ್ಲಾಯುವೊಲೊ ಮಾಡಿದ ಬೆತ್ತಲೆ ಯೋಧರ ಕಾಳಗದ ಮೊದಲ ಹಂತದ ಅಚ್ಚು ಈಗ ಉಳಿದಿರುವುದು ಒಂದೇ, ಕ್ಲೀವ್‌ಲ್ಯಾಂಡ್ ಮ್ಯೂಸಿಯಂನಲ್ಲಿ. ಬಾಕಿಯೆಲ್ಲ ಮರುಕೆತ್ತಿದ ತಗಡಿನವು. ಮರುಕೆತ್ತನೆಯ ದೊಡ್ಡ ಅಪಾಯ ಜೋಡಿಗೆರೆ. ಹಳೇ ಗೆರೆಯ ಒಳಗೋಡೆ ಯಾವ ಕೋನದಲ್ಲಿದೆಯೋ ಬ್ಯೂರಿನ್ ಅದೇ ಕೋನದಲ್ಲಿ ಇಳಿಯಬೇಕು. ಚೌಕ ಬ್ಯೂರಿನ್ನಿನಿಂದ ಕೊರೆದ ಗೆರೆಗೆ ವಜ್ರಾಕಾರದ್ದನ್ನು ಹಾಕಿದರೆ ತಳದಲ್ಲಿ ಇನ್ನೊಂದು ಸೀಳು ಬೀಳುತ್ತದೆ, ಅಚ್ಚಿನಲ್ಲಿ ಗೆರೆ ಒರಟಾಗುತ್ತದೆ. ಹಾಗಾಗಿ ಮುಖಕ್ಕೆ ಕೈ ಹಾಕುವ ಮೊದಲು ಚಿತ್ರದ ಕೆಳಮೂಲೆಯ ನೆಲದ ನೆರಳಿನಲ್ಲಿ ನಾಲ್ಕು ಗೆರೆ ಮರುಕೊರೆದು, ಒಂದು ಅಚ್ಚು ತೆಗೆದು, ಭೂತಗನ್ನಡಿಯಲ್ಲಿ ನೋಡಿ. ಅಂಚು ಒಂದೇ ಇದ್ದರೆ ಮುಂದುವರಿಯಿರಿ. ಎರಡು ಕಂಡರೆ ಬೇರೆ ಬ್ಯೂರಿನ್ ತೆಗೆದುಕೊಳ್ಳಿ.